ಪೊರೆ ತುಂಡು ತುಂಡಾಗಿ ಬರ್ತಿದೆ, 7 ವಾರದಿಂದ ಇಲಿ ಮುಟ್ಟಿಲ್ಲ: ಬಾಲ್ ಪೈಥಾನ್ ಸಾಕಿರೋರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ನಮಸ್ಕಾರ ಡಾಕ್ಟ್ರೇ, ನಮ್ದು ಚಿಕ್ಕಮಗಳೂರು ಹತ್ರ ಆಲ್ದೂರು ಕಡೆ ತೋಟದ ಮನೆ. ಬೆಂಗಳೂರಲ್ಲಿ ಓದ್ತಿದ್ದಾಗ ಫ್ರೆಂಡ್ ಒಬ್ಬನಿಂದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಮರಿ ತಗೊಂಡಿದ್ದೆ, ಗಂಡು ಅಂತ ಹೇಳಿದ್ದ, ಈಗ ಸುಮಾರು ಒಂದೂವರೆ ವರ್ಷ ಆಗಿದೆ. ನವೆಂಬರ್‌ನಲ್ಲಿ ಊರಿಗೆ ತಂದೆ, ಆಮೇಲೆ ಒಂದೂ ಸರಿ ಇಲ್ಲ. ಮೊನ್ನೆ ಪೊರೆ ಚೂರು ಚೂರಾಗಿ ಬಿಡ್ತು, ಬೆನ್ನ ಮೇಲೆ ಇನ್ನೂ ಅಲ್ಲಲ್ಲಿ ಅಂಟಿದೆ, ಬಾಲದ ತುದೀಲಿದೆ, ಎಡಗಣ್ಣಿನ ಮೇಲೂ ಉಳ್ಕೊಂಡಂಗೆ ಕಾಣುತ್ತೆ. 7 ವಾರದಿಂದ ಏನೂ ತಿಂದಿಲ್ಲ, 480 ಗ್ರಾಂ ಇದ್ದಿದ್ದು 462 ಆಗಿದೆ. ಬೆಳವಣಿಗೆ ನಿಂತೋಗಿದೆ ಅನ್ಸುತ್ತೆ, ಇದೇ ವಯಸ್ಸಿನ ಫ್ರೆಂಡ್ ಹಾವು ಇದರ ಎರಡರಷ್ಟಿದೆ. ಮೇಲೆ ಜಾಲರಿ ಇರೋ ಗಾಜಿನ ಟ್ಯಾಂಕು, 60 ವ್ಯಾಟ್ ಬಲ್ಬು, ರಾತ್ರಿ ಆರಿಸ್ತೀನಿ, ಕೆಳಗೆ ನ್ಯೂಸ್‌ಪೇಪರ್. ರೂಮಲ್ಲಿ ಇಟ್ಟಿರೋ ಹೈಗ್ರೋಮೀಟರ್ 80 ತೋರಿಸುತ್ತೆ, ಹಾಗಾಗಿ ತೇವ ಕಮ್ಮಿ ಅಂತೂ ಅಲ್ಲ. ಅಜ್ಜಿ ಹೇಳ್ತಾರೆ ಪೊರೆ ಸಿಕ್ಕೊಂಡ ಹಾವಿಗೆ ಕಣ್ಣು ಹೋಗುತ್ತೆ ಅಂತ. ಒಬ್ಬರು ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ, ಇನ್ನೊಬ್ಬರು ಬಾಯಿ ಬಿಡಿಸಿ ಚಿಕನ್ ಹಾಕು ಅಂತಾರೆ. ತೋಟದಲ್ಲಿ ಬೋನಿಗೆ ಬಿದ್ದ ಇಲಿ ಕೊಡ್ಬಹುದಾ? ಏನು ಮಾಡ್ಲಿ?"

ಉತ್ತರ: ನೀವು ಮೂರು ಸಮಸ್ಯೆ ಬರ್ದಿದೀರಿ, ಪೊರೆ, ಊಟ, ಬೆಳವಣಿಗೆ. ನನಗೆ ಇದ್ರಲ್ಲಿ ಕಾಣಿಸ್ತಿರೋದು ಒಂದೇ ಸಮಸ್ಯೆ, ಅದು ಹಾವಲ್ಲಿಲ್ಲ, ಟ್ಯಾಂಕಲ್ಲಿದೆ. ಹಾವಿಗೆ ಏನಾದ್ರೂ ಹಚ್ಚೋದು, ಕುಡಿಸೋದು, ತುರುಕೋದು ಎಲ್ಲಾ ಸದ್ಯಕ್ಕೆ ಬಿಟ್ಬಿಡಿ. ಜಾಗ ಸರಿ ಮಾಡಿದ್ರೆ ಇದ್ರಲ್ಲಿ ಮುಕ್ಕಾಲು ಭಾಗ ತಾನಾಗೇ ಸರಿ ಹೋಗುತ್ತೆ, ಉಳಿದ ಕಾಲು ಭಾಗಕ್ಕೆ ಏನು ಮಾಡ್ಬೇಕು ಅಂತ ಕೆಳಗೆ ಹೇಳ್ತೀನಿ.

ಗಾಬರಿ ಎಷ್ಟು ಪಡ್ಬೇಕು ಅನ್ನೋದು ಮೊದ್ಲು. 480ರಿಂದ 462 ಅಂದ್ರೆ 18 ಗ್ರಾಂ, ಶೇಕಡಾ 4ಕ್ಕಿಂತ ಕಮ್ಮಿ. 7 ವಾರ ಉಪವಾಸ ಇದ್ದು ಇಷ್ಟೇ ಇಳಿದಿದೆ ಅಂದ್ರೆ ಹಾವು ತನ್ನ ಶಕ್ತಿ ಚೆನ್ನಾಗೇ ಉಳಿಸ್ಕೊಂಡಿದೆ. ಬಾಲ್ ಪೈಥಾನ್‌ಗಳು ಊಟ ಬಿಡೋದ್ರಲ್ಲಿ ಹೆಸರುವಾಸಿ, ಚಳಿಗಾಲದಲ್ಲಿ ದೊಡ್ಡವು ತಿಂಗಳುಗಟ್ಟಲೆ ತಿನ್ನದೇ ಇದ್ದು ಆಮೇಲೆ ಏನೂ ಆಗದಂಗೆ ತಿನ್ನೋಕೆ ಶುರು ಮಾಡ್ತವೆ. ತೂಕ ಶೇಕಡಾ 10 ದಾಟಿ ಇಳಿದ್ರೆ, ಅಂದ್ರೆ ನಿಮ್ದು 430ರ ಹತ್ರ ಬಂದ್ರೆ, ಅಥವಾ ಬೆನ್ನುಮೂಳೆ ಎದ್ದು ಕಂಡು ಎರಡೂ ಪಕ್ಕ ಒಳಗೆ ಹೋದಂಗಾದ್ರೆ ಆಗ ಕಾಯೋದು ಬೇಡ, ತೋರಿಸ್ಬೇಕು. ಈಗ ಆ ಹಂತ ಅಲ್ಲ. ತೂಕ ನೋಡಿ ಬರ್ದಿದೀರಲ್ಲ, ಅದು ಬಹಳ ಒಳ್ಳೇ ಕೆಲಸ, ಎಷ್ಟೋ ಜನ "ಸಣ್ಣ ಆಗಿದೆ ಅನ್ಸುತ್ತೆ" ಅಂತ ಮಾತ್ರ ಹೇಳ್ತಾರೆ, ಅದ್ರಿಂದ ನಾವು ಏನೂ ನಿರ್ಧಾರ ಮಾಡಕ್ಕಾಗಲ್ಲ.

ಈಗ ಆ ಹೈಗ್ರೋಮೀಟರ್ ವಿಷಯ, ಇಡೀ ಕಥೆಯ ಗುಟ್ಟು ಅಲ್ಲಿದೆ. ನಿಮ್ಮ ರೂಮಿನ ಗಾಳೀಲಿ 80 ಪರ್ಸೆಂಟ್ ತೇವ ಇರ್ಬಹುದು, ಡಿಸೆಂಬರ್ ಜನವರಿಯ ಮಲೆನಾಡಲ್ಲಿ ಅದು ಸಹಜ. ಆದ್ರೆ ಆ ಸಂಖ್ಯೆ ಆ ತಣ್ಣನೆ ಗಾಳಿಗೆ ಮಾತ್ರ ಲೆಕ್ಕ. ಬಿಸಿ ಗಾಳಿ ತಣ್ಣನೆ ಗಾಳಿಗಿಂತ ಜಾಸ್ತಿ ನೀರಿನಂಶ ಹಿಡ್ಕೊಳ್ಳುತ್ತೆ, ಹಾಗಾಗಿ ಹೊಸದಾಗಿ ನೀರು ಸೇರಿಸದೆ ಗಾಳಿ ಬಿಸಿ ಮಾಡಿದ್ರೆ ತೇವದ ಪರ್ಸೆಂಟ್ ಬಿದ್ದೋಗುತ್ತೆ. 18 ಡಿಗ್ರಿಯ 80 ಪರ್ಸೆಂಟ್ ತೇವದ ಗಾಳೀನ 31 ಡಿಗ್ರಿಗೆ ಬಿಸಿ ಮಾಡಿದ್ರೆ ಅದು ಸುಮಾರು 37 ಪರ್ಸೆಂಟ್ ಆಗುತ್ತೆ. ನಿಮ್ಮ ಬಲ್ಬು ದಿನವಿಡೀ ಮಾಡ್ತಿರೋದು ಇದನ್ನೇ, ಬಿಸಿ ಆದ ಗಾಳಿ ಮೇಲಿನ ಜಾಲರಿಯಿಂದ ಹೊರಗೆ ಹೋಗುತ್ತೆ, ರೂಮಿನ ಗಾಳಿ ಒಳಗೆ ಬಂದು ಅದೂ ಒಣಗುತ್ತೆ. ಹೊರಗೆ ಮಂಜು ಸುರೀತಿದ್ರೂ ಬಲ್ಬಿನ ಕೆಳಗೆ ಹಾವು ಒಣಗ್ತಾ ಕೂತಿರುತ್ತೆ. ಬಾಲ್ ಪೈಥಾನ್‌ಗೆ ಮಾಮೂಲಿ ದಿನಗಳಲ್ಲಿ 55ರಿಂದ 60, ಪೊರೆ ಬರೋ ಹೊತ್ತಲ್ಲಿ 65–70 ಬೇಕು. ಹೈಗ್ರೋಮೀಟರ್ ತಗೊಂಡೋಗಿ ಟ್ಯಾಂಕ್ ಒಳಗೆ, ಹಾವು ಮಲಗೋ ಎತ್ತರಕ್ಕೆ, ಒಂದು ದಿನ ಇಟ್ಟು ನೋಡಿ.

ಇದು ಹಗಲಿನ ಕತೆ. ರಾತ್ರಿ ನೀವು ಬಲ್ಬು ಆರಿಸ್ತೀರಿ, ನಮ್ಮ ಕಡೆ ಚಳಿಗಾಲದ ರಾತ್ರಿ 15 ಡಿಗ್ರಿಗೆ ಬರೋದು ಹೊಸದೇನಲ್ಲ, ಗಾಜಿನ ಟ್ಯಾಂಕು ಒಂದೆರಡು ಗಂಟೇಲಿ ರೂಮಷ್ಟೇ ತಣ್ಣಗಾಗಿಬಿಡುತ್ತೆ. ಈ ಹಾವು ಘಾನಾ, ಟೋಗೋ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ಬೆಚ್ಚಗಿನ ದೇಶಗಳದ್ದು. ಅದಕ್ಕೆ ಬಿಸಿ ಕಡೆ 31–33, ತಂಪು ಕಡೆ 25–27 ಬೇಕು, ರಾತ್ರೀನೂ 24ಕ್ಕಿಂತ ಕೆಳಗೆ ಬಿಡಬಾರದು. ತಣ್ಣಗಿದ್ರೆ ಹೊಟ್ಟೇಲಿರೋದು ಅರಗಲ್ಲ, ಅದು ಗೊತ್ತಿರೋದ್ರಿಂದಲೇ ಅದು ಇಲಿ ಮುಟ್ತಿಲ್ಲ. ನಿಜ ಹೇಳ್ಬೇಕಂದ್ರೆ ತಿನ್ನದೇ ಇದ್ದಿದ್ದೇ ಒಳ್ಳೇದಾಯ್ತು, ಇಂಥ ಚಳೀಲಿ ತಿಂದಿದ್ರೆ ಹೊಟ್ಟೇಲೇ ಕೊಳೆತು ವಾಂತಿ ಮಾಡ್ಕೊಳ್ಳೋದು, ಹಾವಿಗೆ ವಾಂತಿ ಉಪವಾಸಕ್ಕಿಂತ ಬಹಳ ಕೆಟ್ಟದ್ದು.

ಆಫ್ರಿಕಾದ ಆ ಜಾಗಗಳೂ ತಿಂಗಳುಗಟ್ಟಲೆ ಒಣಗಿರ್ತವೆ, ಹಾಗಾದ್ರೆ ಅಲ್ಲಿ ಹೆಂಗೆ ಬದುಕುತ್ತೆ ಅಂತ ನೀವು ಕೇಳ್ಬಹುದು. ಹಗಲು ಹೊರಗೆ ಇರೋದೇ ಇಲ್ಲ, ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಇರುತ್ತೆ. ನಮ್ಮ ಕಡೆ ಬೇಸಿಗೇಲಿ ಹುತ್ತ ಒಡೆದು ನೋಡಿದೋರಿಗೆ ಗೊತ್ತು, ಹೊರಗೆ ಮಣ್ಣು ಕಲ್ಲಾಗಿದ್ರೂ ಒಳಗೆ ತಣ್ಣಗೆ, ತೇವವಾಗಿ ಇರುತ್ತೆ. ನೀವು ಕೊಡ್ಬೇಕಾಗಿರೋದು ಅಂಥ ಜಾಗ. ಇಡೀ ಟ್ಯಾಂಕ್ ಒದ್ದೆ ಮಾಡೋದು ಬೇಡ, ಒಳಗೊಂದು ಹುತ್ತ ಮಾಡಿಕೊಡಿ.

ಅದು ಹೆಂಗೆ ಅಂದ್ರೆ, ಒಂದು ಪ್ಲಾಸ್ಟಿಕ್ ಡಬ್ಬ, ಹಾವು ಸುತ್ಕೊಂಡ್ರೆ ಪಕ್ಕ ಪಕ್ಕ ತಾಗೋ ಅಷ್ಟೇ ಅಗಲದ್ದು, ದೊಡ್ಡದು ಬೇಡ, ಅದಕ್ಕೆ ಒಂದು ತೂತು ಕೊಯ್ದು ಅಂಚು ನಯ ಮಾಡಿ. ಒಳಗೆ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಹತ್ತಿ ಬಟ್ಟೆ ಅಥವಾ ಅಂಗಡೀಲಿ ಸಿಗೋ ಸ್ಫ್ಯಾಗ್ನಮ್ ಮಾಸ್, ಅಂದ್ರೆ ನೀರು ಹಿಡ್ಕೊಳ್ಳೋ ಪಾಚಿ, ಹಾಕಿ. ತೋಟದ ಮರದ ಮೇಲೆ ಪಾಚಿ ಬೇಕಾದಷ್ಟಿದೆ ಅಂತ ಕಿತ್ಕೊಂಡು ಬರಬೇಡಿ, ಉಣುಗು, ಉಂಬಳ ಎಲ್ಲಾ ಜೊತೇಲಿ ಬರ್ತವೆ, ಮೇಲಾಗಿ ತೋಟಕ್ಕೆ ಹೊಡೆದ ಔಷಧಿ ಅದರಲ್ಲಿ ಉಳಿದಿರುತ್ತೆ. ಈ ಡಬ್ಬ ಬಿಸಿ ಕಡೆಗೂ ತಂಪು ಕಡೆಗೂ ಮಧ್ಯದಲ್ಲಿರ್ಲಿ, ಇದಲ್ಲದೆ ಎರಡೂ ತುದೀಲಿ ಒಂದೊಂದು ಒಣ ಅಡಗುತಾಣ ಇರ್ಬೇಕು. ಬಟ್ಟೆ ಎರಡು ದಿನಕ್ಕೊಮ್ಮೆ ಬದಲಾಯಿಸಿ.

ನ್ಯೂಸ್‌ಪೇಪರ್ ತೇವ ಹಿಡಿಯಲ್ಲ, ತೆಗೀರಿ. ಅರಸೀಕೆರೆ, ತಿಪಟೂರು ಕಡೆ ತೆಂಗಿನ ನಾರಿನ ಪುಡಿ ಬೇಕಾದಷ್ಟು ಸಿಗುತ್ತೆ, ಕೊಕೊಪೀಟ್ ಅಂತ ನರ್ಸರಿಗಳಲ್ಲೂ ಇರುತ್ತೆ, ಗೊಬ್ಬರ ಬೆರೆಸದೇ ಇರೋದನ್ನ ಕೇಳಿ ತಗೊಳ್ಳಿ, ಒಂದೆರಡು ಸಲ ನೀರಲ್ಲಿ ತೊಳೆದು ಉಪ್ಪಿನಂಶ ತೆಗೆದು, ಹಿಂಡಿ, ನೆರಳಲ್ಲಿ ಅರ್ಧ ಒಣಗಿಸಿ ಮೂರು ಇಂಚು ದಪ್ಪಕ್ಕೆ ಹಾಸಿ. ನೀರು ಮೇಲಿಂದ ಚಿಮುಕಿಸಬೇಡಿ, ಮೂಲೇಲಿ ಸ್ವಲ್ಪ ಸ್ವಲ್ಪ ಸುರೀರಿ, ತಳ ತೇವವಾಗಿ ಮೇಲ್ಪದರ ಒಣಗಿರಬೇಕು. ಕೈಯಲ್ಲಿ ಮುಟ್ಟಿ ನೋಡಿದ್ರೆ ಮೇಲಿನ ಪದರ ಬೆರಳಿಗೆ ಅಂಟಬಾರದು. ಹೊಟ್ಟೆ ಸದಾ ಒದ್ದೆಗೆ ತಾಗ್ತಿದ್ರೆ ಕೆಳಗಿನ ಹುರುಪೆಗಳು ಕೆಂಪಾಗಿ, ಆಮೇಲೆ ಕಂದಾಗಿ ಕೊಳೆಯೋಕೆ ಶುರುವಾಗುತ್ತೆ, ಅದು ಇನ್ನೊಂದು ಕಾಯಿಲೆ. ಈ ಮಾತು ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾಗುತ್ತೆ. ಆಲ್ದೂರಿನ ಮಳೇಲಿ ಬಟ್ಟೇನೇ ಒಣಗಲ್ಲ, ಆಗ ಈಗ ಮಾಡಿದ್ದಕ್ಕೆ ಉಲ್ಟಾ ಮಾಡ್ಬೇಕು, ಗಾಳಿ ಆಡೋಕೆ ಜಾಸ್ತಿ ಬಿಡ್ಬೇಕು, ನೀರು ಹಾಕೋದು ನಿಲ್ಲಿಸ್ಬೇಕು, ನಾರಿನಪುಡೀಲಿ ಬಿಳಿ ಬೂಷ್ಟು ಕಂಡ ದಿನವೇ ಪೂರ್ತಿ ಬದಲಾಯಿಸ್ಬೇಕು.

ಬಿಸಿಗೆ ಬಲ್ಬು ತೆಗೆದು ಹೀಟ್ ಮ್ಯಾಟ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದ್ರೆ ಥರ್ಮೋಸ್ಟಾಟ್, ಅಂದ್ರೆ ಬಿಸಿ ಹದದಲ್ಲಿಡೋ ಸಾಧನ, ಇಲ್ಲದೆ ಖಂಡಿತ ಬೇಡ. ಕಂಟ್ರೋಲ್ ಇಲ್ಲದ ಮ್ಯಾಟ್ ಮೇಲೆ ಹಾವು ಹೊಟ್ಟೆ ಸುಟ್ಟುಕೊಂಡಿದ್ದು ನಾವು ನೋಡೋ ಕೇಸುಗಳಲ್ಲಿ ಹೊಸದಲ್ಲ, ಸುಡ್ತಿದ್ರೂ ಎದ್ದು ಹೋಗದೇ ಅಲ್ಲೇ ಮಲಗಿರ್ತವೆ. ಮ್ಯಾಟ್ ತಳದ ಮೂರನೇ ಒಂದು ಭಾಗಕ್ಕೆ ಹೊರಗಡೆಯಿಂದ ಬರ್ಲಿ, ಆ ಭಾಗದಲ್ಲಿ ನಾರಿನಪುಡಿ ತೆಳ್ಳಗಿರ್ಲಿ, ಥರ್ಮೋಸ್ಟಾಟ್‌ನ ಬಿಸಿ ಅಳೆಯೋ ತುದಿ (ಪ್ರೋಬ್) ಮ್ಯಾಟ್‌ಗೂ ಟ್ಯಾಂಕ್ ತಳಕ್ಕೂ ನಡುವೆ ಇರ್ಲಿ, ಮೇಲೆ ಎಷ್ಟು ಬರುತ್ತೆ ಅಂತ ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಮ್ಯಾಟ್ ಗಾಳಿ ಬಿಸಿ ಮಾಡಲ್ಲ, ಹಾಗಾಗಿ ನಿಮ್ಮ ಚಳಿಗೆ ಟ್ಯಾಂಕಿನ ಹಿಂಭಾಗ ಮತ್ತು ಎರಡೂ ಪಕ್ಕಕ್ಕೆ ಥರ್ಮೋಕೋಲ್ ಅಂಟಿಸಿ, ಜಾಲರಿಯ ಮುಕ್ಕಾಲು ಭಾಗ ಮುಚ್ಚಿ. ಇಷ್ಟು ಮಾಡಿದ್ಮೇಲೂ ರಾತ್ರಿ 24 ಬರ್ತಿಲ್ಲ ಅಂದ್ರೆ ಬೆಳಕಿಲ್ಲದ ಸಿರಾಮಿಕ್ ಹೀಟರ್ ಹಾಕ್ಬೇಕು, ಅದಕ್ಕೂ ಥರ್ಮೋಸ್ಟಾಟ್, ಹಾವು ಮೈ ತಾಗಿಸದಂಗೆ ಸುತ್ತ ಜಾಲರಿ, ಜೊತೆಗೆ ಅದು ಗಾಳಿ ಒಣಗಿಸೋದ್ರಿಂದ ತೇವ ಮತ್ತೆ ನೋಡ್ಕೋಬೇಕು. ಬಲ್ಬಾಗಲಿ ಈ ಹೀಟರಾಗಲಿ ಉರಿಯೋ ಜಾಗದ ಹತ್ರ ಪ್ಲೈವುಡ್ಡು, ಥರ್ಮೋಕೋಲು, ಬಟ್ಟೆ ಇಡ್ಬೇಡಿ, ಬೆಂಕಿ ಹತ್ಕೊಳ್ಳುತ್ತೆ. ಬಚ್ಚಲು ಮನೇಲಿ ಹಂಡೆ ಒಲೆ ಬೆಚ್ಚಗಿರುತ್ತಲ್ಲ ಅಂತ ಅಲ್ಲಿಗೆ ಸಾಗಿಸೋದೂ ಬೇಡ, ಹೊಗೆ ಹಾವಿನ ಶ್ವಾಸಕೋಶಕ್ಕೆ ಆಗಲ್ಲ. ಕರೆಂಟ್ ಹೋಗೋದು ನಿಮ್ಮಲ್ಲಿ ಮಾಮೂಲು, ಸಣ್ಣ ಹೀಟ್ ಮ್ಯಾಟ್ ಕರೆಂಟ್ ಎಳೆಯೋದು ಬಹಳ ಕಮ್ಮಿ, ಮನೆಯ ಯುಪಿಎಸ್ ಲೈನಿಗೆ ಕೊಟ್ಟರೆ ರಾತ್ರಿ ಕಳೆಯುತ್ತೆ.

ಪೊರೆ ಬಗ್ಗೆ ಈಗ. ಹಾವಿನ ಹಳೇ ಚರ್ಮದ ಕೆಳಗೆ ಹೊಸ ಪದರ ಪೂರ್ತಿ ತಯಾರಾದ್ಮೇಲೆ ಎರಡರ ನಡುವೆ ಒಂಥರಾ ದ್ರವ ತುಂಬ್ಕೊಳ್ಳುತ್ತೆ, ಆಗ್ಲೇ ಮೈ ಮಂಕಾಗೋದು, ಹೊಟ್ಟೆ ಗುಲಾಬಿ ಆಗೋದು, ಕಣ್ಣು ನೀಲಿ ಬೂದಿ ಬಣ್ಣಕ್ಕೆ ತಿರುಗೋದು. ಒಂದಷ್ಟು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತೆ, ನೋಡೋರು ಪೊರೆ ಬಿಡಲೇ ಇಲ್ವಲ್ಲ ಅಂದ್ಕೋತಾರೆ, ಆದ್ರೆ ನಿಜವಾಗಿ ಬಿಡೋದು ಅದಾದ ಮೂರ್ನಾಲ್ಕು ದಿನಕ್ಕೆ. ಶುರುವಿಂದ ಕೊನೇವರೆಗೆ ಒಂದರಿಂದ ಎರಡು ವಾರ. ಮೈಯಲ್ಲಿ ನೀರು ಸಾಲದೇ ಇದ್ರೆ ಆ ದ್ರವ ಸರಿಯಾಗಿ ತುಂಬಲ್ಲ, ಎರಡು ಪದರ ಬಿಡಿಸ್ಕೊಳ್ಳಲ್ಲ, ಹಳೇದು ಒಣಗಿ ಚೂರು ಚೂರಾಗಿ ಹರಿಯುತ್ತೆ. ಸರಿಯಾಗಿ ಬಂದ ಪೊರೆ ಮೂಗಿನ ತುದಿಯಿಂದ ಶುರುವಾಗಿ ಕಾಲುಚೀಲ ಕಳಚಿದಂಗೆ ಒಳಗೆ ಹೊರಗಾಗಿ ಒಂದೇ ತುಂಡಾಗಿ ಬರುತ್ತೆ. ತೇವ ಬಿಟ್ರೆ ಇನ್ನೊಂದು ಮುಖ್ಯ ಕಾರಣ ಮೈಟ್ಸ್, ಅಂದ್ರೆ ಸಾಸಿವೆಗಿಂತ ಸಣ್ಣ ಕಪ್ಪು ಹುಳ. ನೀರಿನ ಬಟ್ಟಲ ತಳದಲ್ಲಿ, ಕಣ್ಣಿನ ಸುತ್ತ ಇರೋ ಸಂದೀಲಿ, ಗದ್ದದ ಕೆಳಗೆ ಟಾರ್ಚ್ ಹಾಕಿ ನೋಡಿ, ಬಿಳಿ ಟಿಶ್ಯೂನಲ್ಲಿ ಮೈ ಒರೆಸಿದ್ರೆ ಕಪ್ಪು ಚುಕ್ಕಿ ಅಂಟ್ಕೊಂಡು ಬರ್ತವೆ. ಇದ್ರೆ ತೋಟದ ಕೀಟನಾಶಕ ಕಲೆಸಿ ಹೊಡೆಯೋ ಯೋಚನೆ ಮಾಡ್ಬೇಡಿ, ಹುಳಕ್ಕಿಂತ ಮುಂಚೆ ಹಾವು ಹೋಗುತ್ತೆ, ಔಷಧಿ ವೆಟ್ (ಪಶುವೈದ್ಯರು) ಹತ್ರಾನೇ ಕೇಳಿ.

ಈಗ ಅಂಟಿರೋ ಪೊರೆಗೆ ಏನು ಮಾಡೋದು. ಗಾಳಿಗೆ ಸಣ್ಣ ತೂತು ಇರೋ ಡಬ್ಬದಲ್ಲಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹಾಕಿ, ಹಾವನ್ನ ಅದರಲ್ಲಿ ಬಿಡಿ, ಮುಚ್ಚಳ ಹಾಕಿ 28–30 ಡಿಗ್ರಿ ಇರೋ ಕಡೆ ಅರ್ಧ ಮುಕ್ಕಾಲು ಗಂಟೆ ಇಡಿ, ನೀವು ಅಲ್ಲೇ ಇರಿ. ಆಮೇಲೆ ಒದ್ದೆ ಟವೆಲ್ಲನ್ನ ಸಡಿಲವಾಗಿ ಕೈಯಲ್ಲಿ ಹಿಡಿದು ಅದರ ನಡುವೆ ಹಾವು ತಾನೇ ಹರಿದು ಹೋಗಕ್ಕೆ ಬಿಡಿ. ಬರೋದು ಬರ್ಲಿ, ಬರದೇ ಇರೋದನ್ನ ಉಗುರಲ್ಲಿ ಕೀಳಬೇಡಿ, ಒಂದು ದಿನ ಬಿಟ್ಟು ಮತ್ತೊಂದು ಸಲ ಮಾಡಿ. ಬಕೆಟ್ಟಲ್ಲಿ ಮುಳುಗಿಸಿ ಗಂಟೆಗಟ್ಟಲೆ ಇಡೋದು ಬೇಡ, ಈಜಿ ಈಜಿ ಸುಸ್ತಾಗುತ್ತೆ, ನೀರು ಆರಿ ತಣ್ಣಗಾದ್ರೆ ನೆಗಡಿ ಕೆಮ್ಮಿನಂಥ ಸೋಂಕು ಹಿಡಿಯುತ್ತೆ. ಬೆನ್ನ ಮೇಲಿನ ಒಂದೆರಡು ಚೂರು ಉಳಿದ್ರೆ ಏನೂ ಮುಳುಗಿಹೋಗಲ್ಲ, ಮುಂದಿನ ಪೊರೆ ಜೊತೆ ಹೋಗುತ್ತೆ. ಬಾಲದ ತುದಿ ಮಾತ್ರ ಬಿಡಬೇಡಿ, ಅಲ್ಲಿ ಉಳಿದಿದ್ದು ಒಣಗಿ ಉಂಗುರದ ಥರ ಬಿಗಿಯುತ್ತೆ, ರಕ್ತ ಓಡಾಟ ನಿಂತು ತುದಿ ಕಪ್ಪಾಗಿ ಉದುರಿಹೋಗುತ್ತೆ. ಎರಡು ಮೂರು ಸಲ ಮಾಡಿದ್ಮೇಲೂ ಆ ಉಂಗುರ ಬಿಡ್ಲಿಲ್ಲ, ಅಥವಾ ತುದಿಯ ಬಣ್ಣ ಬದಲಾಗಿದೆ ಅಂದ್ರೆ ಡಾಕ್ಟ್ರ ಹತ್ರ ಹೋಗಿ.

ಕೊಬ್ಬರಿ ಎಣ್ಣೆ ಬೇಡ. ಪೊರೆಗೆ ಬೇಕಾಗಿರೋದು ನೀರು, ಎಣ್ಣೆ ಅಲ್ಲ, ಹಚ್ಚಿದ್ರೆ ಮೈಗೆಲ್ಲಾ ನಾರಿನಪುಡಿ ಮೆತ್ಕೊಂಡು ಬಾಯಿ ಮೂಗಿನ ಸಂದಿಗೂ ಹೋಗುತ್ತೆ.

ಕಣ್ಣಿನ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಇಲ್ಲಿ ಒಳ್ಳೇ ಮನಸ್ಸಿನಿಂದಲೇ ಜನ ಹಾವಿನ ಕಣ್ಣು ಕಳೀತಾರೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಕಾಯಂ ಇರುತ್ತೆ, ಪೊರೆ ಬಿಟ್ಟಾಗ ಅದರ ಮೇಲ್ಪದರವೂ ಕಳಚಿ ಬರುತ್ತೆ. ಬಿಟ್ಟ ಪೊರೆಯ ತಲೆ ಭಾಗ ಹುಡುಕಿ, ಒಣಗಿದ್ರೆ ನೀರಲ್ಲಿ ಒಂದು ನಿಮಿಷ ನೆನೆಸಿ ಬಿಡಿಸಿ, ಬೆಳಕಿಗೆ ಹಿಡೀರಿ. ಎರಡೂ ಕಣ್ಣಿನ ಜಾಗದಲ್ಲಿ ಸಣ್ಣ ಗುಮ್ಮಟದಂಥ, ಬಟ್ಟಲು ಮಗುಚಿದಂಥ ತೆಳು ಪದರ ಇದ್ರೆ ಏನೂ ಉಳಿದಿಲ್ಲ ಅಂತ ಅರ್ಥ. ಆ ಜಾಗದಲ್ಲಿ ಬರೀ ತೂತು ಇದ್ರೆ ಉಳಿದಿದೆ. ಪೊರೆ ಚೂರಾಗಿ ತಲೆ ಭಾಗ ಸಿಗ್ಲಿಲ್ಲ ಅಂದ್ರೆ ಕಣ್ಣನ್ನೇ ನೋಡ್ಬೇಕು. ಉಳಿದಿದ್ರೆ ಆ ಕಣ್ಣು ಇನ್ನೊಂದಕ್ಕಿಂತ ಮಂಕಾಗಿ, ಬೆಳ್ಳಿ ಥರ, ಅಂಚಲ್ಲಿ ಸಣ್ಣ ಹರಿದ ಗೆರೆ ಇದ್ದಂಗೆ ಕಾಣುತ್ತೆ. ಕಣ್ಣು ತಿಳಿಯಾಗಿದ್ದು ಮೇಲೆ ಬರೀ ಕುಳಿ ಬಿದ್ದಂಗಿದ್ರೆ ಅದು ಹೆಚ್ಚಾಗಿ ಉಳಿದ ಪೊರೆ ಅಲ್ಲ, ಮೈಯಲ್ಲಿ ನೀರು ಕಮ್ಮಿ ಆಗಿರೋದರ ಗುರುತು, ಒಳ್ಳೇ ತೇವ ಸಿಕ್ಕಿ ನೀರು ಕುಡಿದ್ರೆ ಕೆಲವೇ ದಿನಕ್ಕೆ ತುಂಬ್ಕೊಳ್ಳುತ್ತೆ. ಇಂಥ ಕಣ್ಣಿಗೆ ಸೆಲೋಟೇಪ್ ಅಂಟಿಸಿ ಎಳೆದೋರು, ಚಿಮಟ ಹಾಕಿದೋರು ಇದ್ದಾರೆ, ಅಲ್ಲಿ ಕೀಳೋಕೆ ಹೆಚ್ಚುವರಿ ಪದರವೇ ಇರಲ್ಲ, ಕಿತ್ತು ಬರೋದು ಹಾವಿನ ಸ್ವಂತ ಹುರುಪೆ, ಆಮೇಲೆ ಕಣ್ಣು ಒಣಗಿ ಸೋಂಕಾಗಿ ಹೋಗೇಬಿಡುತ್ತೆ. ನಿಜವಾಗ್ಲೂ ಉಳಿದಿದ್ರೂ ನೀವು ಕೈ ಹಾಕ್ಬೇಡಿ, ಜಾಗ ಸರಿ ಮಾಡಿ, ಮುಂದಿನ ಪೊರೆವರೆಗೆ ಕಾಯಿರಿ, ಬಹಳಷ್ಟು ಸಲ ಎರಡೂ ಒಟ್ಟಿಗೆ ಬರ್ತವೆ. ಆಗ್ಲೂ ಬರ್ಲಿಲ್ಲ, ಅಥವಾ ಕಣ್ಣು ಊದಿದೆ, ಕೆಂಪಾಗಿದೆ ಅಂದ್ರೆ ವೆಟ್ ಮೃದು ಮಾಡಿ ತೆಗೀತಾರೆ.

ಅಜ್ಜಿ ಹೇಳಿದ್ದನ್ನ ಪೂರ್ತಿ ತಳ್ಳಿಹಾಕಬೇಡಿ. ಪೊರೆ ಬರೋ ಹೊತ್ತಲ್ಲಿ ಹಾವಿಗೆ ನಿಜವಾಗ್ಲೂ ಸರಿಯಾಗಿ ಕಾಣಲ್ಲ, ಅದಕ್ಕೇ ಹತ್ರ ಹೋದ್ರೆ ಹೆದರಿ ಬುಸ್ ಅನ್ನುತ್ತೆ, ಸಾಧು ಹಾವೂ ಕಚ್ಚಬಹುದು. "ಪೊರೆ ಬಂದ ಹಾವನ್ನ ಕೆಣಕಬೇಡ" ಅನ್ನೋ ಹಿರಿಯರ ಮಾತು ಸಾಕಿದ ಹಾವಿಗೂ ಸರಿ. ಕಣ್ಣು ನೀಲಿ ಆದಾಗಿಂದ ಪೊರೆ ಬಿಡೋವರೆಗೆ ಕೈಗೆ ತಗೊಳ್ಳಬೇಡಿ, ಊಟಾನೂ ಇಡಬೇಡಿ. ಪೊರೆ ಒಮ್ಮೆ ಸಿಕ್ಕೊಂಡ ತಕ್ಷಣ ಕಣ್ಣು ಹೋಗಿಬಿಡುತ್ತೆ ಅನ್ನೋದು ಮಾತ್ರ ಇಲ್ಲ, ಅದನ್ನ ಅಜ್ಜಿಗೂ ಹೇಳಿ ಸಮಾಧಾನ ಮಾಡಿ.

ಊಟಕ್ಕೆ ಬರೋಣ. ಟ್ಯಾಂಕ್ ಸರಿ ಮಾಡಿದ್ಮೇಲೆ ಒಂದು ವಾರ ಹತ್ತು ದಿನ ಮುಟ್ಟಬೇಡಿ, ನೀರು ಬದಲಾಯಿಸೋದು ಬಿಟ್ಟು ಏನೂ ಬೇಡ, ಮನೆಗೆ ಬಂದೋರಿಗೆ ತೋರಿಸೋದೂ ಬೇಡ. ಆಮೇಲೆ ಕತ್ತಲಾದ ಹೊತ್ತಿಗೆ ಒಂದೇ ಇಲಿ ಇಡಿ. ಗಾತ್ರ ಅದರ ತೂಕದ ಹತ್ತನೇ ಒಂದು ಭಾಗ, ಅಂದ್ರೆ 45 ಗ್ರಾಂ ಆಸುಪಾಸು, ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪ ಇರಬಾರದು. ಬಹಳ ದಿನ ಬಿಟ್ಟು ತಿಂತಿರೋದ್ರಿಂದ ಮೊದಲ ಸಲ ಇನ್ನೂ ಸ್ವಲ್ಪ ಸಣ್ಣದಾದ್ರೂ ಒಳ್ಳೇದು. ಫ್ರೋಜನ್ ಇಲಿ ಕೊಡೋದಾದ್ರೆ ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಒಳಗೆ ಕೆಳಗಿನ ಭಾಗದಲ್ಲಿ ಇಟ್ಟು ಕರಗಿಸಿ, ಕೊಡೋ ಮುಂಚೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಿಸಿನೀರಲ್ಲಿ ಇಡಿ, ಕುದಿಯೋ ನೀರು ಬೇಡ, ಮೈಕ್ರೋವೇವ್ ಬೇಡವೇ ಬೇಡ. ಇಲಿಯ ತಲೆ ಭಾಗ ಮುಟ್ಟಿದ್ರೆ ಜೀವ ಇರೋ ಇಲಿಯಷ್ಟು ಬೆಚ್ಚಗೆ, 38–40 ಡಿಗ್ರಿ ಇರ್ಬೇಕು. ಬಾಲ್ ಪೈಥಾನ್ ಮೇಲ್ದುಟಿ ಉದ್ದಕ್ಕೂ ಸಣ್ಣ ಕುಳಿಗಳಿವೆ, ಅವು ಬಿಸಿ ಗುರುತಿಸ್ತವೆ, ಕತ್ತಲಲ್ಲಿ ಅದು ಬೇಟೆ ಕಾಣೋದು ಹಾಗೆ, ತಣ್ಣನೆ ಇಲಿ ಅದರ ಪಾಲಿಗೆ ಊಟವೇ ಅಲ್ಲ. ಉದ್ದ ಚಿಮಟದಲ್ಲಿ ಹಿಡಿದು ಅಡಗುತಾಣದ ಬಾಯಿ ಹತ್ರ ಮೆಲ್ಲಗೆ ಅಲ್ಲಾಡಿಸಿ, ಹಿಡೀಲಿಲ್ಲ ಅಂದ್ರೆ ಅಲ್ಲೇ ಇಟ್ಟು ಲೈಟ್ ಆರಿಸಿ ಬಂದ್ಬಿಡಿ, ಬೆಳಗ್ಗೆ ತೆಗೀರಿ. ತಿನ್ಲಿಲ್ಲ ಅಂತ ಮಾರನೇ ದಿನ ಮತ್ತೆ ಇಡಬೇಡಿ, ವಾರ ಬಿಡಿ. ತಿಂದ ಮೇಲೆ 48 ಗಂಟೆ ಎತ್ತಬೇಡಿ. ವಾಂತಿ ಮಾಡಿದ್ರೆ ಎರಡು ವಾರ ಪೂರ್ತಿ ಊಟ ಬಂದ್, ಆಮೇಲೆ ಅರ್ಧ ಗಾತ್ರದ್ದು, ಮತ್ತೆ ಮಾಡಿದ್ರೆ ವೆಟ್.

ಜೀವ ಇರೋ ಇಲಿ ಬಿಟ್ಟು ಬಾಗಿಲು ಹಾಕ್ಕೊಂಡು ಹೋಗೋದು ತುಂಬಾ ಅಪಾಯ. ಹಸಿವಿಲ್ಲದ ಹಾವು ಸುಮ್ನೆ ಮಲಗಿರುತ್ತೆ, ಹಸಿದ ಇಲಿ ಅದರ ಬೆನ್ನನ್ನೇ ಕಡಿದು ತಿನ್ನುತ್ತೆ, ಮೂಳೆ ಕಾಣೋ ಅಂಥ ಗಾಯ ಆಗುತ್ತೆ. ತೋಟದ ಇಲಿ ಕೇಳಿದ್ರಲ್ಲ, ಬೇಡ. ನಮ್ಮ ಕಡೆ ಸಾಕಿದ ಇಲಿ ಸಿಗೋದು ಕಷ್ಟ ಅಂತ ನನಗೂ ಗೊತ್ತು, ಆದ್ರೂ ಬೇಡ. ಪಕ್ಕದ ತೋಟದೋರು, ಗೋಡೌನಿನೋರು ಇಲಿ ಪಾಷಾಣ ಇಟ್ಟಿರ್ತಾರೆ, ಅದನ್ನ ತಿಂದ ಇಲಿ ಕೆಲವು ದಿನ ಓಡಾಡ್ಕೊಂಡೇ ಇರುತ್ತೆ, ಆಗ್ಲೇ ನಿಮ್ಮ ಬೋನಿಗೆ ಬಿದ್ದಿದ್ರೆ ಆ ವಿಷ ಹಾವಿಗೂ ಹೋಗುತ್ತೆ. ಜಂತುಹುಳ, ಉಣುಗು ಬೇರೆ. ಚಿಕನ್ ತುಂಡು ಕೂಡ ಆಗಲ್ಲ, ಹಾವಿಗೆ ಇಡೀ ಪ್ರಾಣಿ ಬೇಕು, ಮೂಳೆಯಿಂದ ಕ್ಯಾಲ್ಸಿಯಂ, ಈಲಿಯಿಂದ (ಲಿವರ್) ವಿಟಮಿನ್, ಬರೀ ಮಾಂಸದಲ್ಲಿ ಅದು ಯಾವುದೂ ಬರಲ್ಲ. ಹಾಲಿನ ಬಗ್ಗೆ ನೀವು ಕೇಳಿಲ್ಲ, ಆದ್ರೂ ಮನೇಲಿ ಹಿರಿಯರಿರೋದ್ರಿಂದ ಹೇಳ್ತೀನಿ, ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯೋದು ನಮ್ಮ ಭಕ್ತಿ, ಹಾವಿನ ಹೊಟ್ಟೆಗೆ ಹಾಲು ಅರಗಲ್ಲ, ಬಟ್ಟಲಲ್ಲಿ ನೀರು ಮಾತ್ರ ಇಡಿ. ಬಾಯಿ ಬಿಡಿಸಿ ತುರುಕೋದು ಕೊನೇ ದಾರಿ, ಅದೂ ಕೈ ಪಳಗಿದೋರು ಮಾಡೋದು. ಬಾಯೊಳಗೆ ಗಾಯ, ಹಲ್ಲು ಮುರಿಯೋದು, ವಾಂತಿ, ಆಮೇಲೆ ಊಟ ಕಂಡ್ರೇ ಹೆದರೋದು, ಇಷ್ಟೆಲ್ಲಾ ಅಪಾಯ ಇದೆ, 18 ಗ್ರಾಂ ಇಳಿದ ಹಾವಿಗೆ ಅದರ ಅವಶ್ಯಕತೆ ಇಲ್ಲ.

ಬೆಳವಣಿಗೆ ಬಗ್ಗೆ ನೀವು ಜಾಸ್ತಿ ತಲೆ ಕೆಡಿಸ್ಕೊಂಡಿದೀರಿ. ಮೊಟ್ಟೆಯಿಂದ ಬಂದಾಗ 50–80 ಗ್ರಾಂ ಇರೋ ಮರಿ ಒಂದೂವರೆ ವರ್ಷಕ್ಕೆ 480 ಆಗಿದ್ರೆ, ಅದೂ ಗಂಡಾಗಿದ್ರೆ, ಅದರಲ್ಲಿ ತಪ್ಪೇನಿಲ್ಲ. ಬಾಲ್ ಪೈಥಾನ್‌ನಲ್ಲಿ ಹೆಣ್ಣು ದೊಡ್ಡದು, ನಾಲ್ಕು ಐದು ಅಡಿ, ಒಂದೂವರೆ ಎರಡು ಕೆಜಿ. ಗಂಡು ಮೂರು ಮೂರೂವರೆ ಅಡಿ, ಒಂದು ಕೆಜಿ ಆಸುಪಾಸಿಗೇ ನಿಂತುಬಿಡುತ್ತೆ. ನಿಮ್ಮ ಫ್ರೆಂಡ್ ಹಾವು ಹೆಣ್ಣಿರ್ಬಹುದು, ಅಥವಾ ವಾರಕ್ಕೆರಡು ಸಲ ತಿನ್ನಿಸ್ತಿರ್ಬಹುದು. ಬೇಗ ದೊಡ್ಡದಾಗ್ಲಿ ಅಂತ ಹಾಗೆ ತಿನ್ನಿಸಿದ ಹಾವು ನೋಡೋಕೆ ಚೆಂದ, ಒಳಗೆ ಈಲಿಗೆಲ್ಲಾ ಕೊಬ್ಬು ತುಂಬಿರುತ್ತೆ. ನಿಮ್ಮದು ಮತ್ತೆ ತಿನ್ನೋಕೆ ಶುರು ಮಾಡಿದ್ಮೇಲೆ 10–14 ದಿನಕ್ಕೊಂದು ಇಲಿ ಸಾಕು. ಸಣ್ಣ ಟ್ಯಾಂಕಲ್ಲಿಟ್ರೆ ಹಾವು ಸಣ್ಣದಾಗೇ ಇರುತ್ತೆ ಅಂತಾರೆ, ಅದು ಸುಳ್ಳು. ಬೆಳವಣಿಗೆ ನಿರ್ಧಾರ ಮಾಡೋದು ಊಟ, ಬಿಸಿ, ಗಂಡೋ ಹೆಣ್ಣೋ, ಅಪ್ಪ ಅಮ್ಮ ಯಾರು ಅನ್ನೋದು. ಪೊರೆ ಉದ್ದ ಅಳೆದು ಹಾವು ಇಷ್ಟಾಯ್ತು ಅನ್ನೋದೂ ತಪ್ಪು, ಕಳಚೋವಾಗ ಹುರುಪೆ ನಡುವಿನ ಮಡಿಕೆ ಬಿಚ್ಕೊಂಡು ಹಿಗ್ಗುತ್ತೆ, ಪೊರೆ ಯಾವಾಗ್ಲೂ ಹಾವಿಗಿಂತ ಉದ್ದ. ಅಡುಗೆಮನೆ ಡಿಜಿಟಲ್ ತಕ್ಕಡೀಲಿ ಎರಡು ವಾರಕ್ಕೊಮ್ಮೆ, ಹೊಟ್ಟೆ ಖಾಲಿ ಇರೋವಾಗ ತೂಗಿ ಬರ್ದಿಡಿ, ಅಷ್ಟೇ ಲೆಕ್ಕ. ಆತುರ ಯಾಕೆ, ಇದು 20–30 ವರ್ಷ ಬದುಕೋ ಪ್ರಾಣಿ, ಅಮೆರಿಕದ ಸೇಂಟ್ ಲೂಯಿಸ್ ಝೂನಲ್ಲಿ 60 ವರ್ಷ ದಾಟಿದ ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟಿತ್ತು. ನೀವು ತಗೊಂಡಿರೋ ಜವಾಬ್ದಾರಿ ಅಷ್ಟು ಉದ್ದದ್ದು.

ಹಾಗಾಗಿ ಕಾಗದಪತ್ರದ ವಿಷಯವೂ ಹೇಳ್ಬೇಕು, ನೀವು ಅದರ ಬಗ್ಗೆ ಏನೂ ಬರ್ದಿಲ್ಲ. ಬಾಲ್ ಪೈಥಾನ್ ಸೈಟಿಸ್, ಅಂದ್ರೆ ಕಾಡುಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಹಿಡಿತ ಹಾಕೋ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯ ಎರಡನೇ ಅನುಬಂಧದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ್ಮೇಲೆ ಇಂಥ ಪ್ರಾಣಿ ಸಾಕೋರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸ್ಬೇಕು, ಅದರ ನಿಯಮ 2024ರಲ್ಲಿ ಬಂತು, ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಅನ್ನೋ ಆನ್‌ಲೈನ್ ಪೋರ್ಟಲ್ ಮೂಲಕ. ಫ್ರೆಂಡ್ ಹತ್ರ ಏನು ಪೇಪರ್ ಇದೆ ಕೇಳಿ, ಇಲ್ಲ ಅಂದ್ರೆ ಮುಚ್ಚಿಡಬೇಡಿ, ಚಿಕ್ಕಮಗಳೂರಿನ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಇದ್ದಿದ್ದು ಇದ್ದಂಗೆ ಹೇಳಿ ದಾರಿ ಕೇಳಿ. ನಮ್ಮ ಹೆಬ್ಬಾವು ಮರಿಯನ್ನೇ ಬಾಲ್ ಪೈಥಾನ್ ಅಂತ ಮಾರೋರೂ ಇರ್ತಾರೆ, ಹೆಬ್ಬಾವು ಸಾಕೋದು ಅಪರಾಧ, ಆದ್ರಿಂದ ತಜ್ಞರಿಗೆ ತೋರಿಸಿ ಖಚಿತ ಮಾಡ್ಕೊಳ್ಳಿ. ಮತ್ತೆ ಯಾವ ಕಾರಣಕ್ಕೂ, ಸಾಕಾಯ್ತು ಅಂತಲೋ ಹೆದರಿಕೆ ಆಯ್ತು ಅಂತಲೋ, ತೋಟಕ್ಕೆ ಬಿಡಬೇಡಿ. ಅದು ಚಳೀಲಿ ನರಳಿ ಸಾಯುತ್ತೆ, ಸಾಯೋ ಮುಂಚೆ ತನ್ನ ಮೈಟ್ಸು, ಸೋಂಕು ಎಲ್ಲಾ ನಮ್ಮ ಕೇರೆ, ಹೆಬ್ಬಾವುಗಳಿಗೆ ಅಂಟಿಸಬಹುದು.

ಇನ್ನು ಕಾಯದೇ ಕರ್ಕೊಂಡು ಹೋಗ್ಬೇಕಾದ ಲಕ್ಷಣ: ಬಾಯಿ ತೆರೆದು ಉಸಿರಾಡೋದು, ಮೂಗಲ್ಲಿ ಬಾಯಲ್ಲಿ ನೊರೆ, ಉಸಿರಾಡೋವಾಗ ಸಿಳ್ಳೆ ಥರ ಸದ್ದು, ತಲೆ ಮೇಲಕ್ಕೆತ್ತಿ ಹಂಗೇ ನಿಲ್ಲೋದು, ಹೊಟ್ಟೆಯ ಹುರುಪೆ ಕೆಂಪಾಗೋದು. ನಿಮ್ಮ ಟ್ಯಾಂಕ್ ಇಷ್ಟು ದಿನ ತಣ್ಣಗಿದ್ದಿದ್ರಿಂದ ಉಸಿರಾಟದ ಸೋಂಕಿನ ಮೇಲೆ ವಿಶೇಷ ಕಣ್ಣಿಡಿ. ಎಲ್ಲಾ ವೆಟ್‌ಗಳೂ ಹಾವು ನೋಡಲ್ಲ, ನಿಮಗೆ ಹತ್ರ ಅಂದ್ರೆ ಹಾಸನದ ಪಶುವೈದ್ಯಕೀಯ ಕಾಲೇಜು, ಮೊದ್ಲೇ ಫೋನ್ ಮಾಡಿ ಹಾವು ನೋಡೋರು ಇದ್ದಾರಾ, ಯಾವ ದಿನ ಬರ್ಬೇಕು ಅಂತ ಕೇಳಿ, ಇಲ್ಲಾಂದ್ರೆ ಬೆಂಗಳೂರಿಗೇ ಹೋಗ್ಬೇಕಾಗುತ್ತೆ. ಒಯ್ಯೋವಾಗ ದಿಂಬಿನ ಕವರಂಥ ಹತ್ತಿ ಚೀಲದಲ್ಲಿ ಹಾವನ್ನ ಬಿಟ್ಟು ಬಾಯಿ ಕಟ್ಟಿ, ಗಾಳಿಗೆ ತೂತು ಮಾಡಿದ ಥರ್ಮೋಕೋಲ್ ಡಬ್ಬದಲ್ಲಿಡಿ, ಬಿಸಿನೀರಿನ ಬಾಟಲಿ ಇಡೋದಾದ್ರೆ ಟವೆಲ್ ಸುತ್ತಿ ಚೀಲಕ್ಕೆ ತಾಗದಂಗೆ ಪಕ್ಕದಲ್ಲಿಡಿ. ತೂಕ ಬರ್ದಿರೋ ಚೀಟಿ, ಕೊನೇ ಸಲ ಬಿಟ್ಟ ಪೊರೆಯ ಚೂರು, ಟ್ಯಾಂಕಿನ ಒಂದೆರಡು ಫೋಟೋ ಜೊತೇಲಿ ತಗೊಂಡೋಗಿ, ಡಾಕ್ಟ್ರಿಗೆ ಅರ್ಧ ಕೆಲಸ ಅಲ್ಲೇ ಆಗುತ್ತೆ.